ಪಗಡೆಯ ಹಾಸೂ ವರ್ಷದ ಕೂಟವೂ

ದುಡಿಮೆಯು ಮನುಷ್ಯನನ್ನು ಬದುಕಿಸುತ್ತದೆಂಬದು ಎಲ್ಲರೂ ಬಲ್ಲ ಮಾತು. ಆದರೆ ದುಡಿಮೆಯಿಲ್ಲದ ನಾಲ್ಕು ದಿನಗಳನ್ನು ಒಂದು ಊರು ಹೇಗೆ ಕಳೆಯುತ್ತದೆಂಬದನ್ನು ನೋಡಿದರೆ, ಆ ಊರಿನ ಜನರು ಒಬ್ಬರೊಡನೊಬ್ಬರು ಹೇಗಿರುವರೆಂಬದು ಇನ್ನೂ ಚೆನ್ನಾಗಿ ತಿಳಿಯುವದು. ಹೊಲದಲ್ಲಿ ಒಡೆಯನು ಒಡೆಯನೇ, ಆಳು ಆಳೇ. ಅಂಗಡಿಯಲ್ಲಿ ಕೊಟ್ಟವನು ಬೇರೆ, ಕೊಳ್ಳುವವನು ಬೇರೆ. ದಾಳವಾದರೋ ಯಾರ ಮುಖವನ್ನೂ ನೋಡಿ ಬೀಳುವದಿಲ್ಲ. ಆಟದ ಹಾಸಿನ ಮುಂದೆ ಕುಳಿತಷ್ಟು ಹೊತ್ತು ಜನರು ಬೇರೊಂದು ಕಟ್ಟಳೆಗೆ ಒಳಗಾಗುವರು. ಆ ಕಟ್ಟಳೆಯನ್ನು ಅವರು ತಾವಾಗಿಯೇ ಒಪ್ಪಿಕೊಂಡಿರುವರು.

ಈ ಮಾತಿಗೆ ದೃಷ್ಟಾಂತವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಗದಗ ಜಿಲ್ಲೆಯ ಗಜೇಂದ್ರಗಡ ತಾಲೂಕಿನಲ್ಲಿರುವ ಸೂಡಿಯ ಸುತ್ತಲಿನದು ಎರೆ ಮಸಾರಿಗಳೆರಡೂ ಕೂಡಿದ ಸೀಮೆ. ಮುಂಗಾರಿಯ ಬಿತ್ತಿಗೆ ಮುಗಿದು ಶ್ರಾವಣದ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಎರೆಯ ಹೊಲದಲ್ಲಿ ಕಾಲಿಡಲು ಬರುವದಿಲ್ಲ. ಅಷ್ಟರಲ್ಲಿ ನಾಗರಪಂಚಮಿ ಬರುತ್ತದೆ. ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮರದ ಕೊಂಬೆಗೆ ಜೋಕಾಲಿ ಬೀಳುತ್ತದೆ. ಮನೆಮನೆಗಳಲ್ಲಿ ಅಳ್ಳು, ಉಂಡಿ, ತಂಬಿಟ್ಟುಗಳ ಸಡಗರ. ಗಂಡಸರು ಗುಡಿಯ ಕಟ್ಟೆಯ ಮೇಲೋ ಚಾವಡಿಯ ಪಡಸಾಲೆಯಲ್ಲೋ ಪಗಡೆಯ ಹಾಸನ್ನು ಬಿಚ್ಚುತ್ತಾರೆ. ಧಾರವಾಡ ಗದಗ ಕಡೆಯ ಹಳ್ಳಿಗಳಲ್ಲಿ ಶ್ರಾವಣಕ್ಕೆ ತೊಡಗುವ ಈ ಆಟವು ದೀಪಾವಳಿಯ ಪಾಡ್ಯಕ್ಕೆ ಮತ್ತೊಮ್ಮೆ ಕಳೆಯೇರುವದು. ಈ ಕೂಟಕ್ಕೆ ಕರೆಯೋಲೆಯಿಲ್ಲ, ಅಧ್ಯಕ್ಷರಿಲ್ಲ, ವರ್ಗಣಿಯೂ ಇಲ್ಲ. ಪಂಚಾಂಗವೇ ಇದರ ಕಾರ್ಯದರ್ಶಿ.

ಹಾಸಿನ ರಚನೆಯು ವಾಚಕರಲ್ಲಿ ಅನೇಕರಿಗೆ ಗೊತ್ತಿದ್ದದ್ದೇ. ನಾಲ್ಕು ತೋಳುಗಳು, ತೋಳಿಗೆ ಮೂರು ಸಾಲು, ಸಾಲಿಗೆ ೮ ಮನೆ, ಅಂತೂ ತೋಳಿಗೆ ೨೪ರಂತೆ ಒಟ್ಟು ೯೬ ಮನೆಗಳು. ನಟ್ಟನಡುವೆ ಒಂದು ಚೌಕ. ನಾಲ್ಕು ಬಣ್ಣಗಳಲ್ಲಿ ನಾಲ್ಕು ನಾಲ್ಕರಂತೆ ೧೬ ಕಾಯಿಗಳು. ಎದುರುಬದುರು ಕುಳಿತವರು ಜೊತೆಗಾರರು, ಎಡಬಲದಲ್ಲಿ ಕುಳಿತವರು ಎದುರಾಳಿಗಳು. ಕಾಯಿಯು ಹಾಸನ್ನೆಲ್ಲ ಸುತ್ತಿ, ಹೊಡೆತವನ್ನು ತಪ್ಪಿಸಿಕೊಂಡು, ತನ್ನ ತೋಳಿನ ನಡುಸಾಲಿನಿಂದ ಚೌಕವನ್ನು ಸೇರಿದರೆ ಅದು ಹಣ್ಣಾಯಿತೆಂದು ಹೇಳುವರು. ಒಕ್ಕಲುತನದ ಜನರು ಆಟಕ್ಕೆ ಕೊಟ್ಟ ಈ ಮಾತು ಎಷ್ಟು ಉಚಿತವಾಗಿದೆ! ದಾಳ ಬೀಳುವದು ದೈವ, ಯಾವ ಕಾಯಿಯನ್ನು ನಡಸಬೇಕೆಂಬದು ಬುದ್ಧಿ. ಮಳೆಯನ್ನು ನಂಬಿ ಬಿತ್ತುವವನಿಗೆ ಇವೆರಡರ ಲೆಕ್ಕವನ್ನು ಬೇರೆಯಾಗಿ ಕಲಿಸಬೇಕಾಗಿಲ್ಲ.

ಸೂಡಿಯು ಇಂದು ಸಣ್ಣ ಊರಾದರೂ ಹಿಂದೆ ಸಣ್ಣದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆಯಿದ್ದಿತು. ಇಮ್ಮಡಿ ಜಯಸಿಂಹನ ಸೋದರಿಯಾದ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳಿದಳು. ಸೂಡಿಯ ಶಾಸನಗಳಲ್ಲಿ ಅವಳ ಹೆಸರು ಬರುತ್ತದೆ. ಹನ್ನೊಂದನೆಯ ಶತಮಾನದ ಒಂದು ಶಾಸನವು ಇಲ್ಲಿಯ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಕಟ್ಟಳೆಯನ್ನು ಹೊಸದಾಗಿ ಮಾಡಿಕೊಟ್ಟ ಸಂಗತಿಯನ್ನು ಹೇಳುತ್ತದೆ. ಜೋಡು ಕಲಶದ ಗುಡಿಯನ್ನೂ ಕೆತ್ತನೆಯ ಗೋಡೆಗಳ ನಾಗಕುಂಡವನ್ನೂ ನೋಡಲು ಬಂದವರು ಕಲ್ಲಿನ ಕೆಲಸಕ್ಕೆ ಬೆರಗಾಗಿ ಹೋಗುವರು. ಆದರೆ ಕಲ್ಲಿಗಿಂತ ಮಿಗಿಲಾಗಿ ನೆನೆಯತಕ್ಕದ್ದು ಆ ಕಟ್ಟಳೆಯ ಮಾತು. ಜನರು ಕೂಡಿ ನಡೆಯಬೇಕಾದರೆ ನಿಯಮ ಬೇಕು. ನಿಯಮವು ಸವೆದಾಗ ಅದನ್ನು ಮತ್ತೆ ಕೂಡಿ ಕಟ್ಟಬೇಕು. ಇದನ್ನು ಸೂಡಿಯವರು ಸಾವಿರ ವರ್ಷಗಳ ಹಿಂದೆಯೇ ಬಲ್ಲವರಾಗಿದ್ದರು.

ಅದೇ ಚಾಲುಕ್ಯ ಮನೆತನದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕ್ರೀಡೆಗಳಿಗೆಂದೇ ಒಂದು ವಿಂಶತಿಯುಂಟು. ಚತುರಂಗ, ಪಾಶಕ, ವರಾಟಿಕಾ, ಫಂಜಿಕಾ ಎಂಬ ಆಟಗಳು ಅದರಲ್ಲಿ ಬರುತ್ತವೆ. ಪಾಶಕವೆಂದರೆ ದಾಳ, ವರಾಟಿಕೆಯೆಂದರೆ ಕವಡೆ. ಕೋಶ, ದುರ್ಗ, ದಂಡುಗಳ ವಿಚಾರವನ್ನು ಬರೆದ ದೊರೆಯು ಕವಡೆಯಾಟವನ್ನು ಬರೆಯಲು ನಾಚಲಿಲ್ಲ. ರಾಜ್ಯವನ್ನು ಗಳಿಸುವ, ಸ್ಥಿರಗೊಳಿಸುವ ವಿಷಯಗಳ ತರುವಾಯ, ಸುಖಿಸುವ ವಿಷಯಕ್ಕೂ ಅವನು ಗ್ರಂಥದಲ್ಲಿ ಸ್ಥಾನ ಕೊಟ್ಟನು.

ಹೀಗಿದ್ದರೂ ಹಿರಿಯರಿಗೆ ಈ ಆಟದ ಮೇಲೆ ಒಂದು ಗುಮಾನಿ ಯಾವಾಗಲೂ ಇದ್ದೇ ಇದೆ. ಅದಕ್ಕೆ ಕಾರಣವೂ ಉಂಟು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಮಾರವ್ಯಾಸನು ಹಾಡಿದ ಭಾರತವನ್ನು ಕೇಳಿ ಬೆಳೆದ ಸೀಮೆಯಿದು. ಸಭಾಪರ್ವದಲ್ಲಿ ದಾಳಗಳು ಉರುಳಿದ ಸದ್ದನ್ನು ಇಲ್ಲಿಯ ಅಕ್ಷರವರಿಯದ ಮುದುಕಿಯೂ ಬಲ್ಲಳು. ಮನೆಯ ಹಿರಿಯಳು, “ಎಪ್ಪಾ, ಧರ್ಮರಾಯಗ ಬಂದ ಗತಿ ನಿನಗ ಬ್ಯಾಡಾ” ಎಂದು ಮೊಮ್ಮಗನಿಗೆ ಹೇಳುವದು ಸುಮ್ಮನೆ ಅಲ್ಲ. ಹೊಲಮನೆ ಕಳೆದುಕೊಂಡವರ ಕಥೆಯಿಲ್ಲದ ಊರು ಯಾವದು? ಆದರೆ ೯೪೧ರಲ್ಲಿ ಮುಗಿದ ಪಂಪನ ಭಾರತದಲ್ಲಿ ನೆತ್ತದ ಇನ್ನೊಂದು ಪ್ರಸಂಗವಿದೆ. ಭಾನುಮತಿಯ ನೆತ್ತವು ಅಲ್ಲಿ ದುರ್ಯೋಧನನಿಗೂ ಕರ್ಣನಿಗೂ ಇದ್ದ ವಿಶ್ವಾಸಕ್ಕೆ ಸಾಕ್ಷಿಯಾಗಿ ನಿಂತಿದೆ. ಆ ಪದ್ಯದ ಅರ್ಥಕ್ಕಾಗಿ ಪಂಡಿತರು ಬಹುಕಾಲ ವಾದಿಸಿದ್ದಾರೆ. ಒಂದೇ ನೆತ್ತವು ಒಂದೆಡೆಗೆ ರಾಜ್ಯವನ್ನು ಕಳೆಯಿತು, ಇನ್ನೊಂದೆಡೆಗೆ ಸ್ನೇಹವನ್ನು ಬೆಳಗಿತು. ದೋಷವು ದಾಳದಲ್ಲಿರದೆ ಪಣದಲ್ಲಿರುವದೆಂಬದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವೇಕೆ?

ಸರಕಾರಗಳು ಸಹ ಈ ಭೇದವನ್ನು ಮಾಡಲು ಹೆಣಗಿವೆ. ಧಾರವಾಡ ಸೀಮೆಯು ಮುಂಬಯಿ ಇಲಾಖೆಯಲ್ಲಿದ್ದಾಗ ೧೮೮೭ರ ಜೂಜು ಪ್ರತಿಬಂಧಕ ಕಾಯದೆಯೂ, ತರುವಾಯ ೧೯೬೩ರ ಕರ್ನಾಟಕ ಪೋಲೀಸ ಕಾಯದೆಯೂ ಜೂಜನ್ನು ನಿಷೇಧಿಸಿ, ಕೇವಲ ಕೌಶಲದ ಆಟಗಳನ್ನು ಮಾತ್ರ ಹೊರಗಿರಿಸಿದವು. ಪಗಡೆಯು ಕೇವಲ ಕೌಶಲವೂ ಅಲ್ಲ, ಕೇವಲ ದೈವವೂ ಅಲ್ಲ. ಆದುದರಿಂದ ಅದರ ಮರ್ಯಾದೆಯನ್ನು ಕಾಯುವ ಹೊಣೆಯು ಕಾಯದೆಗಿಂತ ಹೆಚ್ಚಾಗಿ ಕಟ್ಟೆಯ ಮೇಲೆ ಕುಳಿತವರದೇ. ಪೂರ್ವಿಕರು ಇದಕ್ಕೊಂದು ಜಾಣ ಉಪಾಯವನ್ನು ಮಾಡಿದ್ದರು. ಕಾರ್ತಿಕ ಶುದ್ಧ ಪಾಡ್ಯಕ್ಕೆ ದ್ಯೂತಪ್ರತಿಪದೆಯೆಂಬ ಹೆಸರಿಟ್ಟು, ಆ ದಿನ ಶಿವಪಾರ್ವತಿಯರೇ ಪಗಡೆಯಾಡಿದರೆಂದು ಕಥೆ ಹೇಳಿ, ಆಟಕ್ಕೆ ವರ್ಷದಲ್ಲಿ ಒಂದು ಬಾಗಿಲನ್ನು ತೆರೆದರು. ಬಾಗಿಲು ತೆರೆದದ್ದೇ ಅದು ಮುಚ್ಚುವದೆಂಬ ಕರಾರಿನ ಮೇಲೆ. ಹಬ್ಬವು ಆಟಕ್ಕೆ ಅಪ್ಪಣೆಯೂ ಹೌದು, ಮೇರೆಯೂ ಹೌದು.

ದಿನವೂ ಕೂಟವೂ ಇಲ್ಲದಿದ್ದರೆ ಆಟದ ಗತಿ ಏನಾಗುವದೆಂಬದನ್ನು ಮೈಸೂರಿನಲ್ಲಿ ನೋಡಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಹಾಸಿನ ಆಟಗಳಲ್ಲಿ ಅಸಾಧಾರಣ ಪ್ರತಿಭೆಯುಳ್ಳವರಾಗಿದ್ದರು. ೧೮೩೧ರಲ್ಲಿ ಇಂಗ್ಲಿಷರು ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡ ಮೇಲೂ ಅವರ ಆಸ್ಥಾನದಲ್ಲಿ ವಿದ್ಯೆ ಕಲೆಗಳ ಬೆಳಸು ನಿಲ್ಲಲಿಲ್ಲ. ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬದು ಆಟಗಳಿಗಾಗಿಯೇ ಇದೆ. ಚದುರಂಗದ ಕುದುರೆಯು ೬೪ ಮನೆಗಳನ್ನೂ ಒಮ್ಮೊಮ್ಮೆಯೇ ಮುಟ್ಟಿ ಬರುವ ಬಂಧಗಳನ್ನು ಅವರು ರಚಿಸಿದರು. ಮುನ್ನೂರಕ್ಕೂ ಮಿಕ್ಕ ಎಲೆಗಳ ಗಂಜೀಫಾ ಆಟವನ್ನು ಕಲ್ಪಿಸಿದರು. ೧೮೬೧ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಹಾಸುಗಳ ಚಿತ್ರಗಳಿವೆ. ಚಿತ್ರಗಳೇನೋ ಉಳಿದವು, ಆದರೆ ಅರಸರ ಸುತ್ತಲಿನ ಗೋಷ್ಠಿಯು ಚದುರಿದ ಮೇಲೆ ಆಡುವವರು ಉಳಿಯಲಿಲ್ಲ. ಈ ಶತಮಾನದಲ್ಲಿ ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಹಳೆಯ ಆಟಗಳ ಹಾಸು ಕಾಯಿಗಳನ್ನು ಕುಶಲಕರ್ಮಿಗಳಿಂದ ಮತ್ತೆ ಮಾಡಿಸಿ, ‘ಕ್ರೀಡಾ ಕೌಶಲ್ಯ’ವೆಂಬ ಪ್ರದರ್ಶನವನ್ನು ಏರ್ಪಡಿಸುತ್ತ ಬಂದುದರಿಂದ ಅವುಗಳ ಕಡೆಗೆ ಜನರ ಲಕ್ಷ್ಯವು ತಿರುಗಿದೆ. ಅರಸನು ಮರೆಯಾದೊಡನೆ ಸೊರಗಿದ ಆಟಕ್ಕೆ ಜನರ ಕೂಟವು ಮತ್ತೆ ಉಸಿರು ಕೊಡಬೇಕಾಯಿತು.

ಇದಕ್ಕೆ ತೀರ ವಿರುದ್ಧವಾದ ಚರಿತ್ರೆಯೊಂದು ಸಮುದ್ರದಾಚೆಗೆ ನಡೆದಿದೆ. ಅಮೇರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಲೇಕ್ ಜಿನೀವಾ ಎಂಬ ಸಣ್ಣ ಊರಿದೆ. ಗ್ಯಾರಿ ಗೈಗ್ಯಾಕ್ಸ್ ಎಂಬ ವಿಮಾ ನೌಕರನು ಅಲ್ಲಿದ್ದನು. ಮೇಜಿನ ಮೇಲೆ ಸಣ್ಣ ಸಣ್ಣ ಗೊಂಬೆಗಳನ್ನಿರಿಸಿ ಹಳೆಯ ಯುದ್ಧಗಳನ್ನು ಆಡುವದು ಅವನ ಹವ್ಯಾಸ. ೧೯೬೭ರಲ್ಲಿ ಸಮಾನ ಅಭಿರುಚಿಯ ಕೆಲವರು ಅವನ ಮನೆಯಲ್ಲಿ ಕೂಡಿದರು. ಮನೆಯು ಇಕ್ಕಟ್ಟಾಯಿತು. ಮರುವರ್ಷ, ೧೯೬೮ರಲ್ಲಿ, ಅವನು ಊರಿನ ತೋಟಗಾರಿಕೆಯ ಸಭಾಭವನವನ್ನು ೫೦ ಡಾಲರ ಬಾಡಿಗೆಗೆ ಹಿಡಿದು, ಊರಿನ ಹೆಸರಿನ ತುಣುಕನ್ನೇ ತೆಗೆದುಕೊಂಡು ಆ ಕೂಟಕ್ಕೆ ‘ಜೆನ್ ಕಾನ್’ ಎಂದು ಹೆಸರಿಟ್ಟನು. ಬಂದವರು ನೂರರ ಆಸುಪಾಸು. ಹಳ್ಳಿಯ ಒಂದು ಜಾತ್ರೆಯ ಮೂಲೆಗೂ ಸಾಲದಷ್ಟು ಜನ!

ಆದರೆ ಮುಂದೆ ನಡೆದದ್ದು ಗಮನಿಸತಕ್ಕದ್ದು. ೧೯೬೯ರ ಎರಡನೆಯ ಕೂಟದಲ್ಲಿ ಗೈಗ್ಯಾಕ್ಸನಿಗೆ ಡೇವ್ ಆರ್ನೆಸನ್ ಎಂಬವನ ಭೆಟ್ಟಿಯಾಯಿತು. ಇವರಿಬ್ಬರ ವಿಚಾರಗಳು ಕೂಡಿ ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೊಸ ಬಗೆಯ ಆಟವು ಹುಟ್ಟಿತು. ಅದರಲ್ಲಿ ಆಡುವವನು ಕಾಯಿಯನ್ನು ನಡಸುವಷ್ಟಕ್ಕೇ ನಿಲ್ಲದೆ ತಾನೇ ಒಂದು ಪಾತ್ರವಾಗಿ ಕಥೆಯೊಳಗೆ ಹೋಗುವನು. ಬಯಲಾಟದ ವೇಷಧಾರಿಯು ದಾಳವನ್ನೂ ಹಿಡಿದಂತೆ ಎನ್ನಬಹುದು. ಇಲ್ಲಿ ಕೂಟದಿಂದ ಆಟವು ಹುಟ್ಟಿತು. ಬೇರೆ ಬೇರೆ ಊರುಗಳಲ್ಲಿ ತಮ್ಮಷ್ಟಕ್ಕೆ ಆಡುತ್ತಿದ್ದ ಇಬ್ಬರು ಒಂದು ನಿಶ್ಚಿತ ದಿನ ಒಂದು ಮೇಜಿನ ಮುಂದೆ ಬಂದುದರ ಫಲವದು.

ಆ ಕೂಟದ ದೈವರೇಖೆಯು ಮುಂದೆ ನೆಟ್ಟಗೆ ಹೋಗಲಿಲ್ಲ. ಅದು ೧೯೮೫ರಲ್ಲಿ ಮಿಲ್ವಾಕಿ ಪಟ್ಟಣಕ್ಕೂ ೨೦೦೩ರಲ್ಲಿ ಇಂಡಿಯಾನಾಪೊಲಿಸ್ ಪಟ್ಟಣಕ್ಕೂ ಸ್ಥಳಾಂತರ ಹೊಂದಿತು. ಕೂಟವನ್ನು ನಡೆಸುತ್ತಿದ್ದ ಟಿ. ಎಸ್. ಆರ್. ಕಂಪನಿಯು ೧೯೯೭ರಲ್ಲಿ ಇನ್ನೊಂದು ಕಂಪನಿಯ ಪಾಲಾಯಿತು. ೨೦೦೨ರಲ್ಲಿ ಕೂಟದ ಒಡೆತನವೇ ಬೇರೊಬ್ಬರಿಗೆ ಹೋಯಿತು. ೨೦೦೮ರಲ್ಲಿ ಸಾಲಗಾರರಿಂದ ನ್ಯಾಯಾಲಯದ ರಕ್ಷಣೆಯನ್ನು ಬೇಡುವ ಪ್ರಸಂಗವೂ ಬಂದಿತು. ಗೈಗ್ಯಾಕ್ಸನು ಅದೇ ವರ್ಷ ತೀರಿಕೊಂಡನು. ೨೦೨೦ರಲ್ಲಿ ಮಹಾಮಾರಿಯ ದೆಸೆಯಿಂದ ಸಭಾಭವನದ ಬಾಗಿಲು ತೆರೆಯಲೇ ಇಲ್ಲ. ಆದರೂ ೨೦೨೩ರಲ್ಲಿ ಅಲ್ಲಿ ಕೂಡಿದವರ ಸಂಖ್ಯೆಯು ೭೦,೦೦೦ವನ್ನು ಮೀರಿತು. ಜರ್ಮನಿಯ ಎಸ್ಸೆನ್ ಪಟ್ಟಣದಲ್ಲಿ ೧೯೮೩ರಿಂದ ನಡೆದುಬಂದ ಆಟಗಳ ವಾರ್ಷಿಕ ಜಾತ್ರೆಯು ಇದಕ್ಕೂ ಮಿಗಿಲಾದ ಜನಸಂದಣಿಯನ್ನು ಕಂಡಿದೆ. ಊರು ಬದಲಾಯಿತು, ಒಡೆಯನು ಬದಲಾದನು, ಹುಟ್ಟಿಸಿದವನು ಹೋದನು. ವರ್ಷಕ್ಕೊಮ್ಮೆ ಕೂಡತಕ್ಕದ್ದೆಂಬ ಮಾತು ಮಾತ್ರ ಬದಲಾಗಲಿಲ್ಲ.

ಹಾಗಾದರೆ ಪಂಚಾಂಗವನ್ನೇ ಕಾರ್ಯದರ್ಶಿಯಾಗಿ ಪಡೆದ ಪಗಡೆಯು ಇನ್ನೂ ಗಟ್ಟಿಯಾಗಿ ಉಳಿಯಬೇಕಾಗಿತ್ತಲ್ಲವೆ? ಪಂಚಾಂಗಕ್ಕೆ ದಿವಾಳಿಯಿಲ್ಲ, ಪಾಡ್ಯವನ್ನು ಯಾರೂ ಕೊಂಡುಕೊಳ್ಳಲಾರರು. ಆದರೂ ಕಟ್ಟೆಗಳಲ್ಲಿ ಹಾಸು ಬಿಚ್ಚುವ ಕೈಗಳು ಮುದಿಯಾಗುತ್ತಲಿವೆ. ಕಿರಿಯರು ಕೆಲಸಕ್ಕೆಂದು ಹುಬ್ಬಳ್ಳಿ ಬೆಂಗಳೂರುಗಳಿಗೆ ಹೋದವರು, ಹಬ್ಬಕ್ಕೆ ಬಂದಾಗಲೂ ಮೊಬಾಯಿಲಿನ ಗಾಜಿನ ಮೇಲೆ ಬೆರಳಾಡಿಸುತ್ತ ಕೂಡ್ರುವರು. ಆ ಗಾಜಿನೊಳಗೆ ಅವರು ಆಡುವ ಲೂಡೋ ಆಟವು ಪಗಡೆಯ ಬಳಗದ್ದೇ, ಇಂಗ್ಲಂಡಕ್ಕೆ ಹೋಗಿ ರೂಪ ಬದಲಿಸಿ ಬಂದದ್ದು, ಎಂಬದು ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಆಡುವ ಮನಸ್ಸು ಸತ್ತಿಲ್ಲ. ಕಲಿಸುವವನಿಗೂ ಕಲಿಯುವವನಿಗೂ ನಡುವಿನ ಜಾಗವು ಬರಿದಾಗಿದೆ.

ಇದಕ್ಕೆ ಮುಖ್ಯ ಕಾರಣವನ್ನು ಹುಡುಕಿದರೆ ಒಂದು ಸಂಗತಿಯು ಕಣ್ಣಿಗೆ ಬೀಳುವದು. ಪಶ್ಚಿಮದ ಆ ಕೂಟದಲ್ಲಿ ಪ್ರತಿಯೊಂದು ಆಟಕ್ಕೂ ಅಚ್ಚಾದ ನಿಯಮದ ಪುಸ್ತಕವಿದೆ. ಹೊಸಬನು ಅದನ್ನೋದಿ ಮೇಜಿಗೆ ಬರಬಹುದು. ಪಗಡೆಯ ಪುಸ್ತಕವಾದರೋ ಅಜ್ಜನ ನೆನಪು. “ಅಜ್ಜಾ, ಈ ಕಾಯಿ ನಡಸಲೇನು?” ಎಂದು ಹುಡುಗನು ಕೇಳುವದು, “ತಡಿಯೋ ತಮ್ಮಾ, ಗರ ನೋಡಿ ಆಮ್ಯಾಲ ಕಾಯಿ ಮುಟ್ಟು” ಎಂದು ಅಜ್ಜನು ಗದರುವದು, ಇದೇ ಪಾಠ, ಇದೇ ಪರೀಕ್ಷೆ. ಎಷ್ಟು ದಾಳ, ಯಾವ ಗರಕ್ಕೆ ಕಾಯಿ ಇಳಿಯಬೇಕು, ಯಾವ ಮನೆಯಲ್ಲಿ ಹೊಡೆತವಿಲ್ಲ, ಜೋಡಾದ ಕಾಯಿಗಳನ್ನು ಹೊಡೆಯಬಹುದೋ ಬಾರದೋ, ಇವೆಲ್ಲ ಊರೂರಿಗೆ ಬೇರೆ. ಒಬ್ಬ ಅಜ್ಜನು ತೀರಿಕೊಂಡರೆ ಒಂದು ಊರಿನ ಆಟವು ಅವನ ಸಂಗಡ ಹೋಗುವದು.

ಹಾಸು ಉಳಿದರೆ ಆಟ ಉಳಿಯಿತೆಂದು ತಿಳಿಯಬಾರದು. ನರಗುಂದದ ನೆರೆಯಲ್ಲಿಯೇ ಇರುವ ನವಲಗುಂದದ ಜಮಖಾನೆಗಳು ಹೆಸರಾದವು. ಅವಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಅವುಗಳನ್ನು ನೆಯ್ಯುವವರು ಮುಸಲ್ಮಾನ ಮನೆತನಗಳ ಹೆಣ್ಣುಮಕ್ಕಳು. ನವಿಲಿನ ಚಿತ್ತಾರದಂತೆಯೇ ಪಗಡೆಯಾಟದ ಚಿತ್ತಾರವೂ ಅವರ ಮಗ್ಗದ ಮೇಲೆ ಪರಂಪರೆಯಿಂದ ಬಂದಿದೆ. ಪಟ್ಟಣದ ಮನೆಗಳಲ್ಲಿ ಆ ಜಮಖಾನೆಯನ್ನು ಗೋಡೆಗೆ ತೂಗಹಾಕಿದರೆ ಅದು ಶೋಭಿಸುವದು ನಿಜ. ಆದರೆ ನಾಲ್ಕು ಜನ ಸುತ್ತಲೂ ಕೂಡ್ರಲೆಂದು ನೆಯ್ದದ್ದು ಗೋಡೆಯ ಮೇಲೇರಿದರೆ, ಮೈಸೂರಿನ ಅರಮನೆಯ ಚಿತ್ರಗಳಿಗೂ ಅದಕ್ಕೂ ಭೇದವೇನು ಉಳಿಯಿತು?

ಈ ಜಮಖಾನೆಯು ಇನ್ನೊಂದು ವಿಚಾರವನ್ನೂ ನೆನಪಿಗೆ ತರುವದು. ಹಾಸನ್ನು ನೆಯ್ದವಳು ಕಟ್ಟೆಯ ಮೇಲೆ ಕುಳಿತು ಆಡಿದವಳಲ್ಲ. ಕಟ್ಟೆಯು ಗಂಡಸರದಾಗಿತ್ತು, ಹೆಂಗಸರಿಗೆ ಪಡಸಾಲೆಯ ಚೌಕಾಬಾರ. ಗಂಡಸರಲ್ಲಿಯೂ ಎಲ್ಲ ಕೇರಿಯವರಿಗೆ ಗುಡಿಯ ಕಟ್ಟೆಯನ್ನೇರುವ ಅಧಿಕಾರವಿರಲಿಲ್ಲ. ದಾಳವು ಮುಖ ನೋಡಿ ಬೀಳುವದಿಲ್ಲವೆಂಬದು ನಿಜ. ಆದರೆ ದಾಳವನ್ನು ಕೈಗೆ ಕೊಡುವವರು ಮುಖ ನೋಡಿಯೇ ಕೊಟ್ಟರು. ಹಳೆಯದನ್ನು ಉಳಿಸಬೇಕೆನ್ನುವವರು ಈ ಭಾಗವನ್ನು ಮುಚ್ಚಿಡಬಾರದು. ಕಟ್ಟಳೆಯು ಸವೆದಾಗ ಅದನ್ನು ಕೂಡಿ ಹೊಸದಾಗಿ ಕಟ್ಟಿದ ಊರು ಸೂಡಿ. ಆಟದ ಕಟ್ಟಳೆಯಲ್ಲಿಯೂ ಯಾವದನ್ನು ಇಟ್ಟುಕೊಳ್ಳಬೇಕು, ಯಾವದನ್ನು ಬಿಡಬೇಕು ಎಂಬದನ್ನು ಈಗಿನವರೇ ನಿಶ್ಚಯಿಸಬೇಕು.

ಮಾಡಬೇಕಾದ ಕೆಲಸವು ದೊಡ್ಡದೇನೂ ಅಲ್ಲ. ಐವತ್ತು ಡಾಲರಿನ ಬಾಡಿಗೆಯೂ ಬೇಕಿಲ್ಲ. ಶಾಲೆಯ ಪಡಸಾಲೆಯು ದೀಪಾವಳಿಯ ಬಿಡುವಿನಲ್ಲಿ ತೆರವಾಗಿಯೇ ಇರುವದು. ಅಲ್ಲಿಗೆ ಬರಲು ಯಾವ ಕೇರಿಯವರಿಗೂ ಅಡ್ಡಿಯಿಲ್ಲ, ಹೆಣ್ಣುಮಕ್ಕಳಿಗೂ ಅಡ್ಡಿಯಿಲ್ಲ. ಪಾಡ್ಯದ ದಿನ ಸೂಡಿ, ರೋಣ, ಗಜೇಂದ್ರಗಡ, ನರಗುಂದಗಳ ಕಡೆಯ ಹಿರಿಯರು ತಮ್ಮ ತಮ್ಮ ಹಾಸು ದಾಳಗಳೊಡನೆ ಕೂಡಲಿ. ಪಣವೆಂಬದು ಬೆಲ್ಲಕೊಬ್ಬರಿಯನ್ನು ಮೀರದಿರಲಿ. ಒಬ್ಬೊಬ್ಬ ಹಿರಿಯನ ಬದಿಗೆ ಒಬ್ಬ ಹುಡುಗನೋ ಹುಡುಗಿಯೋ ಕುಳಿತು ಮೊದಲು ಆಡಲಿ, ಬಳಿಕ ಆಡಿದ್ದನ್ನು ಬರೆದಿಡಲಿ. ಕಾವ್ಯದ ಓಲೆಗಳನ್ನು ಕೂಡಿಸಿ ಪಾಠಾಂತರಗಳನ್ನು ಗುರುತಿಸುವ ಸಾಹಿತ್ಯಸಂಘಗಳಿಗೆ ಆಟದ ಪಾಠಾಂತರಗಳನ್ನು ಗುರುತಿಸುವದು ಅವಮಾನದ ಕೆಲಸವಲ್ಲ. ಸೂಡಿಯಲ್ಲಿ ಹೀಗೆ, ರೋಣದಲ್ಲಿ ಹೀಗೆ ಎಂದು ಎರಡು ಹಾಳೆ ತುಂಬಿದರೂ ಆ ವರ್ಷದ ಮಟ್ಟಿಗೆ ಸಾಕು. ಮುಂದಿನ ಪಾಡ್ಯವು ಯಾರೂ ಕರೆಯದಿದ್ದರೂ ಬಂದೇ ಬರುವದು. ಆಗ ಹಿಂದಿನ ವರ್ಷ ಕಲಿತವರು ಹಾಸು ಬಿಚ್ಚಿ ಕುಳಿತಿರಬೇಕು, ಅಷ್ಟೆ.